ಬಾಚಿಯ ತವರು

ಮಲ್ಕಾಜ್‌ಗಿರಿ, ಹೈದರಾಬಾದ್
೧೧ ಜೂನ್ ೨೦೦೦

ಪೂಜ್ಯ ದೊಡ್ಡಪ್ಪನವರಿಗೆ ಮಧುರಾಳ ನಮಸ್ಕಾರಗಳು.

ಯಾವ ಮಧುರಾ ಎಂದು ಕೇಳಬೇಡಿ. ನಿಮ್ಮ ತಮ್ಮ ಶಿವಾನಂದನ ಮಗಳು. ನೀವು ಕೊನೆಯ ಸಲ ನೋಡಿದಾಗ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ, ಎರಡು ಜಡೆ ಇದ್ದವು. ಈಗ ಇಪ್ಪತ್ಮೂರು, ಒಂದೇ ಜಡೆ. 'ಚಂದ್ರಕಾಂತ ಬಡಿಗೇರ, ಚಿತ್ತಾಪುರ ಅಂತ ಬರದ್ರ ಸಾಕು, ಮುಟ್ಟತೈತಿ' ಎಂದು ಅವ್ವ ಹೇಳಿದಳು. ಅಪ್ಪನಿಗೆ ಈ ಪತ್ರದ ವಿಷಯ ಗೊತ್ತಿಲ್ಲ.

ಈ ಊರಿನಲ್ಲಿ ಈಗ ಯಾವ ಬಾಗಿಲು ತಟ್ಟಿದರೂ ಕಂಪ್ಯೂಟರು ಕಲಿತವನೊಬ್ಬ ಹೊರಗೆ ಬರುತ್ತಾನೆ. ನಾನು ಮಾತ್ರ ಬಿ.ಎ. ಮಾಡಿ, ಅದರ ಮೇಲೆ ಎರಡು ವರ್ಷ ರಶ್ಯನ್ ಭಾಷೆ ಕಲಿತೆ. 'ರಶ್ಯಾದಾಗ ನಮ್ಮ ಬೀಗರು ಯಾರದಾರ?' ಎಂದು ಅಪ್ಪ ದಿನಾ ಕೇಳುತ್ತಿದ್ದ. ಕೊನೆಗೆ ಅದೇ ರಶ್ಯನ್ ನನಗೆ ಇಲ್ಲಿಯ ಉಪ್ಪಲ್ ಬಡಾವಣೆಯ ಒಂದು ಕಂಪನಿಯಲ್ಲಿ ಕೆಲಸ ಕೊಡಿಸಿತು. ಹೊರದೇಶದ ದಪ್ಪ ದಪ್ಪ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಕೂತು ಟೈಪು ಮಾಡುತ್ತಾರೆ. ಎರಡೂ ಹೊಂದಿಕೆಯಾಗದ ಕಡೆ ಕಂಪ್ಯೂಟರು ಕೆಂಪು ಗೆರೆ ಹಾಕುತ್ತದೆ, ಅದನ್ನು ನಾನು ನೋಡಿ ಸರಿಮಾಡಬೇಕು. ನಮಗಿರುವುದು ಒಂದೇ ನಿಯಮ: ಕಂಡದ್ದನ್ನೇ ಕುಟ್ಟು. ಪುಸ್ತಕದಲ್ಲಿ ತಪ್ಪಿದ್ದರೆ ಆ ತಪ್ಪೂ ಹಾಗೆಯೇ ಇಳಿಯಬೇಕು.

ಈಗ ಕೈಯಲ್ಲಿರುವುದು ಸ್ಲಾವ್ ಜನರ ಮೂಲಭಾಷೆಯ ನಿಘಂಟು. ರಶ್ಯನ್ನರು, ಚೆಕ್ಕರು, ಸರ್ಬಿಯಾದವರು, ಇವರೆಲ್ಲರ ಪೂರ್ವಿಕರು ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಆಡುತ್ತಿದ್ದ ಭಾಷೆ ಅದು. ಅದರಲ್ಲಿ 'ತೆಸ್ಲಾ' ಎಂಬ ಒಂದು ಪದ ಬಂತು, ಬಡಗಿಯ ಉಪಕರಣ. ಅರ್ಥ ಇಂಗ್ಲಿಷಿನಲ್ಲಿ 'ಆಕ್ಸ್', ಎಂದರೆ ಕೊಡಲಿ ಎಂದಿದೆ. ಪಕ್ಕದ ಚಿತ್ರದಲ್ಲಿ ನೋಡಿದರೆ ಅಲಗು ಹಿಡಿಕೆಗೆ ಅಡ್ಡಲಾಗಿದೆ, ಗುದ್ದಲಿಗೆ ಇರುವ ಹಾಗೆ. ನನಗೆ ಅಜ್ಜನ ಬಾಚಿ ನೆನಪಾಯಿತು. ನಿಮ್ಮ ಪಡಸಾಲೆಯಲ್ಲಿ ಅದನ್ನು ಮುಟ್ಟಲು ಹೋಗಿ ನಿಮ್ಮಿಂದ ಬೈಸಿಕೊಂಡದ್ದೂ ನೆನಪಾಯಿತು.

ಅಪ್ಪನನ್ನು ಕೇಳಿದೆ. ಮೂವತ್ತು ವರ್ಷ ರೈಲು ಡಬ್ಬಿಗಳಿಗೆ ಮರದ ಕೆಲಸ ಮಾಡಿದವನು, ಬಾಚಿ ಎಂದ ಕೂಡಲೇ ಎದ್ದು ತುಳಸಿಗೆ ನೀರು ಹಾಕಲು ಹೋದ. ಬೆಳಿಗ್ಗೆ ಒಮ್ಮೆ ಹಾಕಿಯಾಗಿತ್ತು. ಆದ್ದರಿಂದ ನೀವೇ ಹೇಳಬೇಕು: ಬಾಚಿ ಎಂದರೆ ಯಾವುದು, ಕೊಡಲಿಗೂ ಅದಕ್ಕೂ ಏನು ಫರಕು?

ನಿಮ್ಮ ಹತ್ತಿರ ಯಾಕೆ ಸುಳ್ಳು ಹೇಳಲಿ, ಬಾಚಿ ಅರ್ಧ ನೆಪ. ನೀವಿಬ್ಬರೂ ಯಾಕೆ ಮಾತು ಬಿಟ್ಟಿರಿ ಎಂದು ನನಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ಹೇಳದಿದ್ದರೂ ನಡೆದೀತು, ಆದರೆ ನೀವು ಮತ್ತೆ ಮಾತಾಡುವುದನ್ನು ನಾನು ನೋಡಬೇಕು. ರೈಲಿನಲ್ಲಿ ನಾಲ್ಕು ತಾಸಿನ ದಾರಿಗೆ ಒಂಬತ್ತು ವರ್ಷ ಭಾಳ ಆಯಿತು.

ನಿಮ್ಮ ಮಗಳು,
ಮಧುರಾ

ಚಿತ್ತಾಪುರ
೨೪ ಜೂನ್ ೨೦೦೦

ಚಿ. ಮಧುರಾಳಿಗೆ ದೊಡ್ಡಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ನನಗೆ ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣುವುದಿಲ್ಲ, ನಿನ್ನ ದೊಡ್ಡಮ್ಮ ವಿಶಾಲಾಕ್ಷಿ ಓದಿ ಹೇಳಿದಳು. ಓದುತ್ತ ಓದುತ್ತ ಎರಡು ಸಲ ಮೂಗು ಒರೆಸಿಕೊಂಡಳು. ಒಗ್ಗರಣೆ ಘಾಟು ಎಂದಳು, ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ.

ಬಡಿಗೇರ ಮನೆತನದಲ್ಲಿ ಹುಟ್ಟಿ ಬಾಚಿ ಎಂದರೇನು ಎಂದು ಕೇಳುತ್ತೀಯಲ್ಲ, ಇದಕ್ಕಿಂತ ಮೀನು ನೀರು ಯಾವುದು ಎಂದು ಕೇಳಿದ್ದರೆ ಚೆನ್ನಾಗಿತ್ತು. ಇರಲಿ, ಬರೆದುಕೋ. ಕೊಡಲಿಯ ಬಾಯಿ ಹಿಡಿಕೆಯ ನೇರಕ್ಕೆ ಇರುತ್ತದೆ, ಬಾಚಿಯದು ಅಡ್ಡ. ಕೊಡಲಿಯನ್ನು ಎರಡೂ ಕಡೆ ಮಸೆಯುತ್ತಾರೆ, ಬಾಚಿಯನ್ನು ಒಳಮೈ ಕಡೆ ಮಾತ್ರ. ಹೊರಮೈ ಸಪಾಟಾಗಿಯೇ ಇರಬೇಕು. ಅದಕ್ಕೇ ಅದು ಮರದ ಮೇಲೆ ಹಾಳೆಯಷ್ಟು ತೆಳು ಚಕ್ಕೆ ಎಬ್ಬಿಸುತ್ತದೆ. ಕೊಡಲಿ ಮರವನ್ನು ಉರುಳಿಸುತ್ತದೆ, ಬಾಚಿ ಉರುಳಿದ ಮರವನ್ನು ತೊಲೆ ಮಾಡುತ್ತದೆ. ಕೂತು, ಕಾಲಿನಿಂದ ಮರ ಒತ್ತಿ ಹಿಡಿದು, ತನ್ನ ಕಡೆಗೆ ಕೆತ್ತಬೇಕು.

ನಿನ್ನ ಚಿತ್ರದಲ್ಲಿ ಇರುವುದು ಬಾಚಿಯೇ, ಅನುಮಾನ ಬೇಡ. ಆ ಮಂದಿಯಲ್ಲಿಯೂ ಬಡಿಗೇರರು ಇದ್ದರು ಎಂದು ಕೇಳಿ ನನಗೆ ಸಂತೋಷವಾಯಿತು. ಅವರು ಕೂತು ಕೆತ್ತುತ್ತಿದ್ದರೋ ನಿಂತೋ, ಅದನ್ನು ತಿಳಿಸು. ನಿಂತು ಕೆತ್ತುವವರಾದರೆ ಸಂಜೆಗೊಮ್ಮೆ ಕಾಲ್ಬೆರಳು ಎಣಿಸಿಕೊಳ್ಳಬೇಕಾಗುತ್ತಿತ್ತು.

ನಿಮ್ಮ ಅಪ್ಪನ ವಿಷಯ ನನ್ನ ಹತ್ತಿರ ಎತ್ತಬೇಡ. ಅವನ ಸೊಂಟನೋವು ಈಗ ಹೇಗಿದೆ?

ನಿನ್ನ ದೊಡ್ಡಪ್ಪ,
ಚಂದ್ರಕಾಂತ

ಮಲ್ಕಾಜ್‌ಗಿರಿ
೯ ಜುಲೈ ೨೦೦೦

ಪ್ರೀತಿಯ ದೊಡ್ಡಪ್ಪ,

ಅಪ್ಪನ ಸೊಂಟನೋವು ಮಳೆಗಾಲದಲ್ಲಿ ಬರುತ್ತದೆ, ದಸರೆಗೆ ಹೋಗುತ್ತದೆ. ಎತ್ತಬೇಡ ಎಂದಿರಿ, ಆದ್ದರಿಂದ ಇನ್ನೇನೂ ಹೇಳುವುದಿಲ್ಲ.

ನಿಮ್ಮ ಪತ್ರ ಬಂದ ಮೇಲೆ ನಾನು ಊಟದ ಬಿಡುವಿನಲ್ಲೂ ತೆಸ್ಲಾದ ಪುಟವನ್ನೇ ಓದುತ್ತಿದ್ದೇನೆ. ಆ ಪದದ ಮುಂದೆ ಒಂದು ನಕ್ಷತ್ರ ಇದೆ. ನಕ್ಷತ್ರ ಇದ್ದರೆ, ಈ ಪದವನ್ನು ಯಾರೂ ಎಲ್ಲಿಯೂ ಬರೆದದ್ದು ಸಿಕ್ಕಿಲ್ಲ ಎಂದು ಅರ್ಥ. ಆ ಕಾಲದ ಸ್ಲಾವ್ ಜನರಿಗೆ ಬರವಣಿಗೆ ಇರಲಿಲ್ಲ. ಪಂಡಿತರು ಈಗಿನ ಭಾಷೆಗಳನ್ನು ಪಕ್ಕ ಪಕ್ಕ ಇಟ್ಟು ಲೆಕ್ಕ ಹಾಕಿದ್ದಾರೆ. ರಶ್ಯನ್ನಿನಲ್ಲಿ 'ತೆಸ್ಲೊ', ಚೆಕ್ ಮತ್ತು ಸರ್ಬಿಯನ್ನಿನಲ್ಲಿ 'ತೆಸ್ಲಾ'. ಇವೆಲ್ಲ ಒಬ್ಬಳೇ ತಾಯಿಯ ಮಕ್ಕಳು. ತಾಯಿಯ ಫೋಟೊ ಇಲ್ಲ, ಮಕ್ಕಳ ಮುಖ ನೋಡಿ ಅವಳು ಹೀಗಿದ್ದಿರಬೇಕು ಎಂದು ಬರೆಯುತ್ತಾರೆ. ತಪ್ಪಿರಬಹುದು ಎಂದು ಒಪ್ಪಿಕೊಳ್ಳಲು ನಕ್ಷತ್ರ ಇಡುತ್ತಾರೆ.

ಇನ್ನೂ ಹಿಂದೆ ಹೋದರೆ ಅವರಲ್ಲಿ 'ತೆಸ್' ಎಂದರೆ ಕೆತ್ತು. ನಮ್ಮ ಸಂಸ್ಕೃತದ 'ತಕ್ಷ್' ಎಂದರೂ ಕೆತ್ತು. ತಕ್ಷ ಎಂದರೆ ಬಡಗಿ, ನಿಮಗೆ ಗೊತ್ತು. ಎರಡೂ ಒಂದೇ ಬೇರು. ಇದರಲ್ಲಿ ಪಂಡಿತರಿಗೆ ಜಗಳವಿಲ್ಲ. ಜಗಳ ಮುಂದಿನದು. ಹಳೆಯ ಜರ್ಮನ್ನಿನಲ್ಲಿ ಬಾಚಿಗೆ 'ದೆಹ್ಸಲ' ಎನ್ನುತ್ತಿದ್ದರು. ಆ ಪದವೂ ತೆಸ್ಲಾವೂ ಒಂದೇ ಮನೆಯಿಂದ ಸಿದ್ಧವಾಗಿಯೇ ಹೊರಟು ಬಂದವೇ, ಅಥವಾ ಇವರೂ ಅವರೂ ಬೇರೆಯಾದ ಮೇಲೆ ತಮ್ಮ ತಮ್ಮ ಅಂಗಳದಲ್ಲಿ ಕೂತು, 'ಕೆತ್ತು' ಎಂಬ ಹಳೆಯ ಮಾತಿಗೆ ಬಾಲ ಹಚ್ಚಿ ಹೊಸದಾಗಿ ಮಾಡಿಕೊಂಡರೇ? ಇದಕ್ಕೆ ಒಂದೂವರೆ ಪುಟ ವಾದ ಇದೆ. ಟೈಪು ಮಾಡಿದ ಹುಡುಗಿಯರು ಬೈದುಕೊಂಡರು, ನನಗೆ ಮಾತ್ರ ಬಹಳ ಖುಷಿಯಾಯಿತು.

ಅವರು ನಿಂತೂ ಕೆತ್ತುತ್ತಿದ್ದರಂತೆ, ಉದ್ದ ಹಿಡಿಕೆ. ಕಾಲ್ಬೆರಳಿನ ವಿಷಯ ನಿಘಂಟಿನಲ್ಲಿ ಇಲ್ಲ.

ಕರೆಂಟಿನ ದೊಡ್ಡ ವಿಜ್ಞಾನಿ ಟೆಸ್ಲಾ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಆ ಮನೆತನದ ಹೆಸರೂ ಈ ಬಾಚಿಯಿಂದಲೇ ಬಂದದ್ದು ಎನ್ನುತ್ತಾರೆ.

ನಿಮ್ಮ
ಮಧುರಾ

ಚಿತ್ತಾಪುರ
೨೦ ಜುಲೈ ೨೦೦೦

ಚಿ. ಮಧುರಾ,

ಹಾಗಾದರೆ ಆ ವಿಜ್ಞಾನಿಯೂ ಬಡಿಗೇರನೇ ಆದ. ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ನಂಬುವವರು ನಂಬುತ್ತಾರೆ, ಉಳಿದವರು ನನ್ನ ಮುಖ ನೋಡಿ ಚಹಾ ಹೇಳುತ್ತಾರೆ.

ತಾಯಿಯ ಮಾತು ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿಸಿದೆ. ನಮ್ಮ ಅವ್ವ ಅಂಬವ್ವನದೂ ಫೋಟೊ ಇಲ್ಲ. ನಿನ್ನ ದೊಡ್ಡಮ್ಮ ಪತ್ರ ಮಡಚುತ್ತ, 'ಅತ್ತಿ ಮೂಗು ಶಿವಾನಂದಗ ಹೋಗೈತಿ, ಅತ್ತಿ ಸಿಟ್ಟು ನಿಮಗ ಬಂದೈತಿ. ಪಾಲು ಬರೋಬರಿ ಆಗಿಲ್ಲ' ಎಂದಳು. ಅವಳ ಬಾಯಿಗೆ ಬೀಗ ಮಾಡುವ ಬಡಗಿ ಇನ್ನೂ ಹುಟ್ಟಿಲ್ಲ.

ಒಂದೇ ಬೇರು ಎಂದ ಮೇಲೆ, ಬೇರೆಯಾದ ಮೇಲೆ ಮಾಡಿಕೊಂಡರೆ ಏನು, ಮೊದಲೇ ತಂದರೆ ಏನು? ಪಂಡಿತರಿಗೆ ಹೊಲಮನೆ ಕೆಲಸವಿಲ್ಲ. ಆದರೂ ಕೊನೆಗೆ ಏನು ತೀರ್ಮಾನವಾಯಿತು, ತಿಳಿಸು.

ದೊಡ್ಡಪ್ಪ

ಮಲ್ಕಾಜ್‌ಗಿರಿ
೧೩ ಆಗಸ್ಟ್ ೨೦೦೦

ಪ್ರೀತಿಯ ದೊಡ್ಡಪ್ಪ,

ನಾನೊಂದು ಘನಕಾರ್ಯ ಮಾಡಿ ಕೂತಿದ್ದೇನೆ.

ನಿಮ್ಮ ಮಾತಿನ ಧೈರ್ಯದ ಮೇಲೆ, ತೆಸ್ಲಾದ ಮುಂದೆ ಇದ್ದ 'ಆಕ್ಸ್' ಅಳಿಸಿ, ಇಂಗ್ಲಿಷಿನಲ್ಲಿ ಬಾಚಿಗೆ ಹೇಳುವ 'ಆಡ್ಜ್' ಎಂದು ತಿದ್ದಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಚೀಟಿ ಬರೆದು ಇಡಬಹುದಿತ್ತು, ಅದನ್ನೂ ಇಡಲಿಲ್ಲ. ಇಷ್ಟು ಒಳ್ಳೆಯ ನಿಘಂಟಿಗೆ ಒಂದು ತಪ್ಪು ಯಾಕೆ ಉಳಿಯಬೇಕು ಎಂಬ ಪ್ರೀತಿಯಿಂದ ಮಾಡಿದೆ. ಪುಟಗಳು ಪ್ರಕಾಶಕರಿಗೆ ಹೋದವು, ಅವರು ಕಾಗದದ ಜೊತೆ ತಾಳೆ ನೋಡಿದರು, ಸಿಕ್ಕಿಬಿತ್ತು. ನಮ್ಮ ಮೇಲಿನವರು ಗುರುರಾಜ ಎಂದು ರಾಯಚೂರಿನವರು. 'ತಿದ್ದು ಅಂತ ನಿನಗ ಯಾರು ಹೇಳ್ಯಾರವಾ? ಅವರು ಮೂವತ್ತು ವರ್ಷ ಕೂತು ಬರದಾರ, ನೀನು ಬಂದು ಮೂರು ತಿಂಗಳಾಗೈತಿ. ಇಂದು ಒಂದು ಶಬ್ದ ತಿದ್ದಿದಿ, ಉಳಿದ ಎಂಟುನೂರು ಪುಟದಾಗ ಏನೇನು ತಿದ್ದೀದಿ ಅಂತ ಅವರು ಕೇಳಿದ್ರ ನಾ ಏನು ಹೇಳ್ಲಿ?' ಎಂದರು. ನಿಘಂಟು ಬರೆದ ಪಂಡಿತರನ್ನು ಕೇಳಿದ್ದಾರೆ, ಅವರ ಉತ್ತರ ಬರುವವರೆಗೆ ನನ್ನ ಕೆಲಸ ಕಾಯಂ ಮಾಡುವುದನ್ನು ತಡೆದಿದ್ದಾರೆ.

ಮನೆಗೆ ಬಂದು ಅಪ್ಪನ ಮುಂದೆ ಅತ್ತೆ. ಬಾಚಿಯ ವಿಷಯ, ನಿಮಗೆ ಬರೆದ ವಿಷಯ, ಎಲ್ಲ ಹೊರಗೆ ಬಂತು. ಬೈಯುತ್ತಾನೆ ಎಂದುಕೊಂಡೆ. ಆದರೆ ಅವನು, 'ನಾನೂ ಹಿಂಗ ಮಾಡೀನಿ ಮಗಳ. ಛಲೋ ಆಗ್ಲಿ ಅಂತ ಮಾಡಿ ಕೆಡಿಸೀನಿ' ಎಂದ. ಆಮೇಲೆ ಹೇಳಿದ.

ಒಂಬತ್ತು ವರ್ಷದ ಹಿಂದೆ, ದಸರೆಗೆ ಮುಂಚೆ ಅಪ್ಪ ಊರಿಗೆ ಬಂದಿದ್ದನಂತೆ. ಆಯುಧಪೂಜೆಗೆ ಅಜ್ಜನ ಬಾಚಿ ಫಳಫಳ ಹೊಳೆಯಲಿ, ಅಣ್ಣನಿಗೆ ಖುಷಿಯಾಗಲಿ ಎಂದು ಅದನ್ನು ಇಲ್ಲಿಗೆ ತಂದನಂತೆ. ಸಿಕಂದರಾಬಾದಿನಲ್ಲಿ ಕರೆಂಟಿನ ಸಾಣೆಯವನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಲ್ಲದೆ ಚಹಾ ಕುಡಿಯಲು ಹೋದನಂತೆ. ಬರುವಷ್ಟರಲ್ಲಿ ಆ ಪುಣ್ಯಾತ್ಮ ಕೊಡಲಿಗೆ ಹಿಡಿಯುವ ಹಾಗೆ ಎರಡೂ ಮೈ ಮಸೆದಿದ್ದ, ಬಿಸಿಗೆ ಅಲಗು ನೀಲಿಯಾಗಿತ್ತಂತೆ. ಹದ, ಎಂದರೆ ಅಲಗಿನ ಗಡಸುತನ, ಹೋದ ಮೇಲೆ ಕಬ್ಬಿಣ ತಗಡಿಗೆ ಸಮ ಎಂದ. ಹೊಸ ಟವೆಲಿನಲ್ಲಿ ಸುತ್ತಿ ತಂದು ನಿಮ್ಮ ಮುಂದೆ ಇಟ್ಟಾಗ ನೀವು, 'ಇದು ಸತ್ತೈತಿ. ನಿನ್ನ ಕೈಯಾಗ ಕೊಟ್ಟಿದ್ದು ನಂದ ತಪ್ಪು' ಎಂದಿರಂತೆ. ಅಪ್ಪ ಪೂಜೆಗೂ ನಿಲ್ಲದೆ ರೈಲು ಹತ್ತಿದನಂತೆ.

'ಅಪ್ಪ ಇಪ್ಪತ್ತು ವರ್ಷ, ಅಣ್ಣ ಇಪ್ಪತ್ತು ವರ್ಷ ದುಡಿದ ಬಾಚಿ. ನಾನು ಒಂದು ಕಪ್ಪು ಚಹಾದಾಗ ಕೊಂದೆ' ಎಂದು ನನ್ನೆದುರು ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ನನ್ನ ಕೆಲಸ ಹೋದರೆ ಹೋಗಲಿ ದೊಡ್ಡಪ್ಪ. ಒಂದು ಬಾಚಿ ಇಷ್ಟು ದೊಡ್ಡದೇ?

ಮಧುರಾ

ಚಿತ್ತಾಪುರ
೨ ಅಕ್ಟೋಬರ್ ೨೦೦೦

ಚಿ. ಮಧುರಾಳಿಗೆ ಆಶೀರ್ವಾದ.

ಏಳು ವಾರ ತಡವಾಯಿತು. ನಿನ್ನ ದೊಡ್ಡಮ್ಮ ದಿನಾ ಪೆನ್ನು ತಂದು ನನ್ನ ಮುಂದೆ ಇಡುತ್ತಿದ್ದಳು. ನಾನು ದಿನಾ ಕೆಲಸವಿದೆ ಎನ್ನುತ್ತಿದ್ದೆ. ಇವತ್ತು, 'ಬರಿಯದಿದ್ರ ನಾನ ಬರೀತೀನಿ, ಆವಾಗ ನಿಮ್ಮ ಮರ್ಯಾದಿ ನಿಮ್ಮ ಕೈಯಾಗ ಇರಂಗಿಲ್ಲ' ಎಂದಳು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಅಕ್ಷರ ದಪ್ಪವಾಗಿದ್ದರೆ ಸಹಿಸಿಕೋ.

ಬಾಚಿ ಸತ್ತಿರಲಿಲ್ಲ.

ನಿಮ್ಮ ಅಪ್ಪ ಹೋದ ಮರುದಿನ ಅದನ್ನು ಕಮ್ಮಾರ ಮೌನೇಶನ ಕುಲುಮೆಗೆ ಒಯ್ದೆ. ಅವನು ನೋಡಿ ನಕ್ಕ. ಕಾಯಿಸಿ, ಬಡಿದು, ಮತ್ತೆ ಹದ ಕೊಟ್ಟ. ಒಳಮೈಯನ್ನು ನಾನೇ ಕಲ್ಲಿನ ಮೇಲೆ ಕೂತು ಮಸೆದೆ. ಎಂಟು ದಿನದಲ್ಲಿ ಮೊದಲಿನ ಹಾಗೆ ಚಕ್ಕೆ ಎಬ್ಬಿಸಿತು. ಬೆರಳಗಲದಷ್ಟು ಗಿಡ್ಡವಾಯಿತು, ಅಷ್ಟೇ. ಮೊನ್ನೆ ಒಂದು ಬಾಗಿಲ ಚೌಕಟ್ಟು ಅದರಿಂದಲೇ ಕೆತ್ತಿದ್ದೇನೆ.

ಒಂಬತ್ತು ವರ್ಷ ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತೀ. ಕೇಳಬೇಕಾದದ್ದೇ. ಆ ದಿನ ನನಗೆ ಸಿಟ್ಟು ಬಂದದ್ದು ಅಲಗಿನ ಮೇಲಲ್ಲ. ಅವನಿಗೆ ಸರಕಾರಿ ಕೆಲಸ, ಕ್ವಾರ್ಟರ್ಸು, ಊರಿಗೆ ಬರಲು ಪಾಸು. ನನಗೆ ಈ ಪಡಸಾಲೆ. ಅಪ್ಪನ ಬಾಚಿಯನ್ನು ಸಾಣೆಗೆ ಪಟ್ಟಣಕ್ಕೆ ಒಯ್ದನೆಂದರೆ ನನ್ನ ಮಸೆತ ಸಾಲದು ಎಂದು ತೋರಿಸಲು ಒಯ್ದ ಎಂದುಕೊಂಡೆ. ನನ್ನ ಖುಷಿಗೆ ಒಯ್ದಿದ್ದ ಎಂದು ನಿನ್ನ ಪತ್ರ ಓದುವವರೆಗೂ ನನಗೆ ಹೊಳೆದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟು ದಿನಕ್ಕೆ ಬರೆಯಬೇಕಿತ್ತು, ಅವನೇ ಮೊದಲು ಬರೆಯಲಿ ಎಂದು ಕೂತೆ. ವರ್ಷ ಕಳೆದ ಮೇಲೆ, ಈಗ ಬರೆದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎನ್ನುತ್ತಾನಲ್ಲ ಎಂದು ನಾಚಿಕೆ. ಆಮೇಲೆ ನಾಚಿಕೆಯೇ ರೂಢಿಯಾಯಿತು.

ಕೆಟ್ಟದ್ದು ಬಾಚಿಯಲ್ಲ, ನಾನು. ಅವನು ಅಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದಾನೆ ಎಂದು ತಿಳಿದು ಎರಡು ದಿನ ನನಗೆ ಊಟ ಸೇರಲಿಲ್ಲ.

ಈ ಪತ್ರವನ್ನು ಅವನಿಗೆ ತೋರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನ್ನ ಕೆಲಸದ ಸುದ್ದಿ ಏನಾಯಿತು? ಬೇಕಾದರೆ ನಾನು ಅಲ್ಲಿಗೆ ಬಂದು ಆ ಪಂಡಿತರ ಮುಂದೆ ಬಾಚಿ ಹಿಡಿದು ನಿಲ್ಲುತ್ತೇನೆ.

ಚಂದ್ರಕಾಂತ

ಮಲ್ಕಾಜ್‌ಗಿರಿ
೨೨ ಅಕ್ಟೋಬರ್ ೨೦೦೦

ಪ್ರೀತಿಯ ದೊಡ್ಡಪ್ಪ,

ಮೊದಲು ಒಂದು ಮಾತು. ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಬಂತು. ಒಂದು ದಿನ ಪೂರ್ತಿ ಬಂತು. ಮರುದಿನ ಬಸ್ಸಿನಲ್ಲಿ ನಿಮ್ಮ ದಪ್ಪ ಅಕ್ಷರಗಳನ್ನು ಇನ್ನೊಮ್ಮೆ ಓದಿದಾಗ ಹೋಯಿತು.

ಅಪ್ಪನಿಗೆ ಓದಿ ಹೇಳಿದೆ. 'ಸತ್ತಿರಲಿಲ್ಲ' ಎಂಬಲ್ಲಿಗೆ ಬಂದಾಗ ಪತ್ರ ನನ್ನ ಕೈಯಿಂದ ಕಿತ್ತುಕೊಂಡು ಮಾಳಿಗೆ ಹತ್ತಿದ. ಒಂದು ತಾಸಿನ ಮೇಲೆ ಇಳಿದು ಬಂದು, 'ಎಂಟು ದಿನದಾಗಾ?' ಎಂದ. ಸ್ವಲ್ಪ ಹೊತ್ತಿಗೆ, 'ಮೌನೇಶಾ? ಅಂವಗ ಹದ ಹಾಕಾಕ ಬರತಿತ್ತೇನು!' ಎಂದ. ಊಟಕ್ಕೆ ಕೂತಾಗ, 'ಒಂಬತ್ತು ವರ್ಷ ನಾನು ಆ ಬಾಚಿಗೆ ಎಳ್ಳು ನೀರು ಬಿಟ್ಟೀನಲ್ಲೇ' ಎಂದು ನಗಲು ಶುರು ಮಾಡಿದ. ನಗುತ್ತ ನಗುತ್ತ ಮೂರು ರೊಟ್ಟಿ ತಿಂದ. ಅವ್ವ ನಾಲ್ಕನೆಯದು ಹಾಕಿದಳು, ಅದನ್ನೂ ತಿಂದ. ಆದರೆ ಬರೆ ಎಂದರೆ ಬರೆಯುತ್ತಿಲ್ಲ. 'ಅಂವಾ ಬಂದ್ರ ಬ್ಯಾಡ ಅನ್ನಂಗಿಲ್ಲ. ಬಾ ಅನ್ನಾಕ ನನಗ ಬಾಯಿ ಬರವಲ್ದು' ಎನ್ನುತ್ತಾನೆ. ನಿಮ್ಮ ಅವ್ವನ ಮೂಗು ಮಾತ್ರವಲ್ಲ, ಹಟವೂ ಈ ಕಡೆಗೇ ಬಂದಂತಿದೆ.

ನನ್ನ ಸುದ್ದಿ. ಆ ಪಂಡಿತರು ಎಪ್ಪತ್ತು ದಾಟಿದ ಹೆಂಗಸಂತೆ. ಅವರೇ ಬರೆದ ಕಾಗದ ಬಂತು. ಅವರ ಕೈಬರಹದಲ್ಲಿ ಬಾಚಿ ಎಂದೇ ಇತ್ತಂತೆ. ಎಂದೋ ಯಾರೋ ಟೈಪು ಮಾಡುವಾಗ ಕೊಡಲಿಯಾಗಿ ಹಾಗೆಯೇ ಉಳಿದುಬಿಟ್ಟಿತ್ತಂತೆ. ತಿದ್ದಿದ ಹುಡುಗಿಗೆ ಬಾಚಿ ಹೇಗೆ ಗೊತ್ತು ಎಂದು ಕೇಳಿದ್ದರು. ಅವಳ ಮನೆತನವೇ ಬಡಗಿಗಳದ್ದು ಎಂದು ಗುರುರಾಜ ಅವರು ಉತ್ತರ ಬರೆದರು. ನನ್ನ ಕೆಲಸ ಕಾಯಂ ಆಯಿತು, ಆದರೆ ಇನ್ನು ಮುಂದೆ ತಿದ್ದದೆ ಚೀಟಿ ಇಡಬೇಕು ಎಂದು ಬರೆಸಿಕೊಂಡಿದ್ದಾರೆ. ಅದು ಸರಿಯೇ. ನನ್ನ ತಿದ್ದುಪಡಿ ಸರಿಯಿತ್ತು, ತಿದ್ದಿದ್ದು ತಪ್ಪು.

ತೀರ್ಮಾನ ಕೇಳಿದ್ದಿರಿ. ತೀರ್ಮಾನ ಇಲ್ಲ. ಬೇರು ಒಂದೇ, ಮುಂದಿನದು ಹೀಗೂ ಇರಬಹುದು, ಹಾಗೂ ಇರಬಹುದು ಎಂದು ಬರೆದು ಪೂರ್ಣವಿರಾಮ ಹಾಕಿದ್ದಾರೆ. ಮೂವತ್ತು ವರ್ಷ ದುಡಿದವರು ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಬರೆದದ್ದು ನೋಡಿ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಜನವರಿಯಲ್ಲಿ ನಾಂಪಲ್ಲಿಯಲ್ಲಿ ದೊಡ್ಡ ವಸ್ತುಪ್ರದರ್ಶನ ಇರುತ್ತದೆ. ನಿಮ್ಮ ರೈಲು ಬರುವುದೂ ಅಲ್ಲಿಗೇ. ನಾನು ಕರೆಯುತ್ತಿದ್ದೇನೆ, ನನಗೆ ಬಾಯಿ ಇದೆ.

ನಿಮ್ಮ ಮಗಳು,
ಮಧುರಾ

ಮಲ್ಕಾಜ್‌ಗಿರಿ
೨೮ ಡಿಸೆಂಬರ್ ೨೦೦೦

ಅಣ್ಣನಿಗೆ ಶಿವಾನಂದನ ನಮಸ್ಕಾರ.

ಜನವರಿ ೧೩ ಶನಿವಾರ ಬರುವುದು. ಬೆಳಗಿನ ಗಾಡಿಗೆ ಗದ್ದಲ ಜಾಸ್ತಿ, ಮಧ್ಯಾಹ್ನದ್ದು ಹಿಡಿಯುವುದು. ಹಿಂದಿನ ಡಬ್ಬಿಗಳಲ್ಲಿ ಜಾಗ ಸಿಗುತ್ತದೆ. ತಾಂಡೂರಿನಲ್ಲಿ ಇಳಿಯಬಾರದು, ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಂಬಳಿ ತರುವ ಅಗತ್ಯವಿಲ್ಲ, ಇಲ್ಲಿ ಇವೆ. ಬಾಚಿಯನ್ನು ತರಬೇಡ. ಅದನ್ನು ನೋಡಲು ಕರೆಯುತ್ತಿಲ್ಲ.

ಅತ್ತಿಗೆಗೆ ನಮಸ್ಕಾರ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಶಿವಾನಂದ

ಮಲ್ಕಾಜ್‌ಗಿರಿ, ಹೈದರಾಬಾದ್
೨೦ ಜನವರಿ ೨೦೦೧

ವಿಶಾಲಾಕ್ಷಿಗೆ,

ನಾನು ಕ್ಷೇಮವಾಗಿದ್ದೇನೆ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ, ನೀನು ಕೇಳುವ ಮೊದಲೇ ಬರೆದಿದ್ದೇನೆ.

ಅವನು ನಾಂಪಲ್ಲಿ ಸ್ಟೇಷನ್ನಿನಲ್ಲಿ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಇಳಿಯುತ್ತಲೇ ಕೈಚೀಲ ಕಸಿದುಕೊಂಡು ಮುಂದೆ ಮುಂದೆ ನಡೆದ. ಆಟೋದಲ್ಲಿ ಮಧುರಾ ನಮ್ಮಿಬ್ಬರ ನಡುವೆ ಕೂತು ಮೂವರ ಮಾತನ್ನೂ ಒಬ್ಬಳೇ ಆಡಿದಳು. ಮನೆಯಲ್ಲಿಯೂ ಮೂರು ದಿನ ಹಾಗೇ. ನಾನು ಒಂದು ಮೊಳ ದೂರದಲ್ಲಿ ಕೂತಿದ್ದರೂ, 'ನಿಮ್ಮ ದೊಡ್ಡಪ್ಪಗ ಸಕ್ಕರಿ ಸಾಕೇನು ಕೇಳು' ಎಂದು ಮಗಳಿಗೆ ಹೇಳುತ್ತಿದ್ದ. 'ಸಾಕು ಅಂತ ಹೇಳು' ಎಂದು ನಾನೂ ಅವಳಿಗೇ ಹೇಳುತ್ತಿದ್ದೆ. ಸಂಕ್ರಾಂತಿಯ ಎಳ್ಳು ಕೊಟ್ಟು ಕಾಲು ಮುಟ್ಟಿದ, ಬಾಯಿ ತೆರೆಯಲಿಲ್ಲ.

ಮಂಗಳವಾರ ಮಧುರಾ ನಮ್ಮನ್ನು ಪ್ರದರ್ಶನಕ್ಕೆ ಎಳೆದುಕೊಂಡು ಹೋದಳು. ಅಬ್ಬಬ್ಬಾ, ಎಷ್ಟು ಮಂದಿ! ಒಂದು ಅಂಗಡಿಯಲ್ಲಿ ಉತ್ತರದೇಶದ ಕೆತ್ತನೆಯ ಕುರ್ಚಿಗಳು, ಬಳ್ಳಿ, ಹೂವು, ನವಿಲು, ಕಣ್ಣು ಕುಕ್ಕುವ ಪಾಲಿಶು. ನಾನು ಒಂದು ಕುರ್ಚಿಯ ಕಾಲು ಹಿಡಿದೆ, ಕೆಳಗೆ ಮರಕ್ಕೆ ಮರ ಕಚ್ಚಿಸಿದ ಕೂಡು ನೋಡೋಣ ಎಂದು. ಅದೇ ಹೊತ್ತಿಗೆ ಆ ಕಡೆಯ ಕಾಲನ್ನು ಅವನು ಹಿಡಿದಿದ್ದ. ಇಬ್ಬರೂ ಸೇರಿ ತಲೆಕೆಳಗು ಮಾಡಿದೆವು. ಕೂಡು ಎಲ್ಲಿ ಬಂತು! ಮೊಳೆ ಹೊಡೆದು, ಮೇಲೆ ಮರದ ಪುಡಿ, ಸರೇಸಿನ ಅಂಟು ಮೆತ್ತಿದ್ದರು. 'ಮೊಳಿ!' ಎಂದು ಇಬ್ಬರೂ ಒಂದೇ ಸಲ ಕೂಗಿದೆವು. ಅಂಗಡಿಯವನು ಬಂದು, 'ಕ್ಯಾ ಚಚ್ಚಾ, ಬೈಠನಾ ಹೈ ಕಿ ಉಲ್ಟಾನಾ ಹೈ? ಲೇನಾ ನೈ ತೊ ಹಾಥ್ ನಕ್ಕೋ ಲಗಾವ್' ಎಂದ, ಕೊಳ್ಳದಿದ್ದರೆ ಕೈ ಹಚ್ಚಬೇಡಿ ಎಂದು ಗದರಿದ. ನಮಗೆ ನಗು ಬಂತು. ಅಪ್ಪನ ಕೈಯಲ್ಲಿ ಬೈಸಿಕೊಂಡ ಹುಡುಗರ ಹಾಗೆ ಹೊರಗೆ ಬಂದು, ಗೋಡೆಗೆ ಒರಗಿ ನಕ್ಕೆವು. ಮಧುರಾ ಗಾಬರಿಯಾಗಿ ನೀರು ತರಲು ಓಡಿದಳು.

ಆಗ ಹೇಳಿಬಿಟ್ಟೆ. 'ಶಿವ್ಯಾ, ಬಾಚಿ ಎಂಟು ದಿನದಾಗ ಸರಿ ಆಗಿತ್ತು. ನಾನು ಹೇಳಲಿಲ್ಲ' ಎಂದೆ.

'ಗೊತ್ತೈತಿ. ಪತ್ರ ಓದೀನಿ' ಎಂದ.

'ಪತ್ರದಾಗ ಬರಿಯೋದು ಬ್ಯಾರೆ. ನನ್ನ ಬಾಯಿಲೆ ನಿನಗ ಹೇಳಬೇಕಿತ್ತು. ತಪ್ಪಾತು ತಮ್ಮಾ' ಎಂದೆ.

ಅವನು 'ನಾನೂ ಆ ದಿನ ನಿಂತು ನೋಡಬೇಕಿತ್ತಣ್ಣ. ಚಹಾಕ್ಕ ಹೋಗಬಾರದಿತ್ತು' ಎಂದ. 'ನಡಿ, ಕಾಲು ನೋಯಾಕತ್ತಿರಬೇಕು ನಿನಗ' ಎಂದು ನನ್ನ ತೋಳು ಹಿಡಿದ. ಮಂದಿಯ ನಡುವೆ ಗೇಟಿನ ತನಕ ಬಿಡಲಿಲ್ಲ. ನನಗೆ ಕಾಲು ನೋಯುತ್ತಿರಲಿಲ್ಲ, ನೋಯುತ್ತಿದೆ ಎಂದೇ ಹೇಳಿದೆ.

ಅಂದಿನಿಂದ ಮಾತು ನಿಂತಿಲ್ಲ. ಬೆಳಿಗ್ಗೆ ಮಾಳಿಗೆಯ ಮೇಲೆ ಬಿಸಿಲಿಗೆ ಕೂತರೆ ಊಟಕ್ಕೆ ಕೂಗಿದಾಗಲೇ ಏಳುವುದು. ರೈಲು ಡಬ್ಬಿಯ ಕಿಟಕಿ ಹೀಗೆ ಎನ್ನುತ್ತಾನೆ, ಅದು ಕಿಟಕಿಯಲ್ಲ ಎನ್ನುತ್ತೇನೆ. ಮೌನೇಶನ ಹದದ ಬಗ್ಗೆ ದಿನಕ್ಕೊಮ್ಮೆ ಜಗಳ. ಮಧುರಾ ಕೆಲಸಕ್ಕೆ ಹೋಗುವಾಗ ನಮ್ಮಿಬ್ಬರನ್ನೂ ನೋಡಿ, ನಗುತ್ತ ಹೋಗುತ್ತಾಳೆ. ಈ ಹುಡುಗಿ ಇಲ್ಲದಿದ್ದರೆ ನಾನು ಇದನ್ನು ಹೊತ್ತುಕೊಂಡೇ ಹೋಗುತ್ತಿದ್ದೆ.

ಈ ಪತ್ರ ನಿನಗೆ ಮುಟ್ಟುವ ಮೊದಲೇ ನಾನು ಬಂದಿರಬೇಕಿತ್ತು. ನಾಳೆ ಭಾನುವಾರದ ಟಿಕೆಟ್ಟು ತೆಗೆದಾಗಿದೆ. ಆದರೆ ಅದು ಅವನ ಅಂಗಿಯ ಜೇಬಿನಲ್ಲಿದೆ, ಕೇಳಿದರೆ ಕೊಡುತ್ತಿಲ್ಲ. ನಾನೂ ಜಾಸ್ತಿ ಕೇಳುತ್ತಿಲ್ಲ.

ಚಂದ್ರಕಾಂತ